ಕೂತ ಸಿಪಾಯಿ

ಎದ್ದು ನಿಲ್ಲಬೇಡಿ ಅಂತ ನನ್ನ ಗಂಡನಿಗೆ ಕಲಿಸುವುದಕ್ಕೆ ನನಗೆ ಒಂದು ಚಳಿಗಾಲವೇ ಹಿಡಿಯಿತು.

ನಗಬೇಡಿ. ಮಗಳಿಗೆ ಎದ್ದು ನಿಲ್ಲುವುದನ್ನು ಕಲಿಸಿದವಳು ನಾನೇ. ಅದು ಸುಲಭ, ಮಕ್ಕಳು ಎದ್ದು ಬಿದ್ದು ತಾವೇ ಕಲಿಯುತ್ತಾರೆ. ಐವತ್ತು ದಾಟಿದ ಗಂಡಸಿಗೆ ಕೂತಲ್ಲೇ ಕೂತಿರುವುದನ್ನು ಕಲಿಸಿ ನೋಡಿ, ಆಗ ಗೊತ್ತಾಗುತ್ತದೆ.

ನನ್ನ ಗಂಡ ಸಿಪಾಯಿಯಾಗಿದ್ದವರು. ಸೈನ್ಯ ಅವರನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಅವರ ಬೆನ್ನುಮೂಳೆ ಇನ್ನೂ ಸೈನ್ಯವನ್ನು ಬಿಟ್ಟಿಲ್ಲ. ಯಾರಾದರೂ ಸ್ವಲ್ಪ ಗಟ್ಟಿ ದನಿಯಲ್ಲಿ ಮಾತಾಡಿದರೆ ಸಾಕು, ಇವರು ಎದ್ದು ನಿಂತಾಯಿತು. ಹಿಮ್ಮಡಿ ಎರಡೂ ಕೂಡುತ್ತವೆ, ಎದೆ ಮುಂದೆ ಬರುತ್ತದೆ, ಗದ್ದ ಮೇಲೇರುತ್ತದೆ. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು "ಯಾರ್ರೀ ಮನೇಲಿ" ಅಂತ ಕೂಗಿದರೂ ಇವರು ಅಟೆನ್ಷನ್. ನಿಂತ ಮೇಲೆ ಗೋಡೆ ಹಿಡಿದುಕೊಳ್ಳುತ್ತಾರೆ. ತುಟಿ ನೀಲಿಗಟ್ಟಿರುತ್ತದೆ. ಕತ್ತಿನ ಎರಡೂ ಕಡೆಯ ನರ ಉಬ್ಬಿರುತ್ತದೆ. ಕೇಳಿದರೆ "ಏನಿಲ್ಲ, ಚೆನ್ನಾಗಿದೀನಿ" ಅನ್ನುತ್ತಾರೆ.

ಆ "ಚೆನ್ನಾಗಿದೀನಿ"ಗೆ ನನ್ನ ಶಾಪವಿದೆ. ನಮ್ಮ ಮನೆ ಹಾಳು ಮಾಡಿದ್ದೇ ಆ ಮಾತು.

ಇವರು ಸೈನ್ಯ ಸೇರಿದ್ದು ಪೊರಕೆಯಿಂದ ತಪ್ಪಿಸಿಕೊಳ್ಳುವುದಕ್ಕೆ. ನಮ್ಮ ಮಾವ ಊರಿನ ಕಸ ಎತ್ತಿದವರು. ಬಗ್ಗಿ ಬಗ್ಗಿ ಅವರ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಕೊನೆಗಾಲದಲ್ಲಿ ಯಾರ ಮುಖವನ್ನೂ ತಲೆಯೆತ್ತಿ ನೋಡಲಾಗುತ್ತಿರಲಿಲ್ಲ. ಬಂದವರ ಚಪ್ಪಲಿ ನೋಡಿ ಇಂಥವರು ಅಂತ ಗುರುತು ಹಿಡಿಯುತ್ತಿದ್ದರು. ನಾನು ಮದುವೆಯಾಗಿ ಬಂದಾಗ ನನ್ನ ಪಾದ ನೋಡಿ ಹರಸಿದ ಮನುಷ್ಯ ಅವರು. ಅಪ್ಪನ ಹಾಗೆ ಬಗ್ಗಬಾರದು ಅಂತ ಮಗ ಮನೆಬಿಟ್ಟು ಹೋಗಿ ಸೈನ್ಯ ಸೇರಿದರು. ಅಲ್ಲಿ ಮೊದಲ ದಿನವೇ ಒಬ್ಬ ಇವರ ಬೆನ್ನಿಗೆ ಕೋಲು ಒತ್ತಿ "ನೆಟ್ಟಗೆ ನಿಲ್ಲೋ" ಅಂದನಂತೆ.

"ನಮ್ಮ ವಂಶದಲ್ಲೇ ಯಾರಿಗೂ ಯಾರೂ ಆ ಮಾತು ಹೇಳಿರ್ಲಿಲ್ಲ ಕಣೇ" ಅಂತ ಇವರು ಆಗಾಗ ಹೇಳುತ್ತಾರೆ. ಹೇಳುವಾಗ ಕಣ್ಣು ತುಂಬಿರುತ್ತದೆ. ಬೈಸಿಕೊಂಡಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೈನ್ಯ ಬಂದೂಕು ಕೊಟ್ಟಿತು, ಬೂಟು ಕೊಟ್ಟಿತು. ಗಡಿಯ ಕ್ಯಾಂಪಿಗೆ ಹೋದ ಮೇಲೆ ಒಂದು ಉದ್ದನೆಯ ಕಬ್ಬಿಣದ ಸಲಾಕೆಯನ್ನೂ ಕೊಟ್ಟಿತು. ಕ್ಯಾಂಪಿನ ಹಿಂದೆ ಒಂದು ಹೊಂಡ. ಅಲ್ಲಿ ಬೇಡವಾದದ್ದೆಲ್ಲ ಆ ಹೊಂಡಕ್ಕೆ ಬರುತ್ತಿತ್ತು. ಟೈರು, ಬ್ಯಾಟರಿ, ಪ್ಲಾಸ್ಟಿಕ್ಕು, ಬಣ್ಣದ ಡಬ್ಬ, ಆಸ್ಪತ್ರೆಯ ರಕ್ತದ ಬಟ್ಟೆ, ಕಕ್ಕಸಿನ ಡ್ರಮ್ಮು. ಡೀಸೆಲ್ ಸುರಿದು ಕಡ್ಡಿ ಗೀರಬೇಕು. ಬೆಂಕಿ ಆರದ ಹಾಗೆ ಸಲಾಕೆಯಿಂದ ತಿರುವುತ್ತಾ ಅಂಚಿನಲ್ಲೇ ನಿಲ್ಲಬೇಕು. ಮೂಗಿಗೆ ಒಂದು ಕರ್ಚೀಫು, ಅದೂ ಸ್ವಂತದ್ದು. ರಾತ್ರಿ ಉಗಿದರೆ ಕಪ್ಪು, ಸೀನಿದರೆ ಕಪ್ಪು. ಊಟದ ಸಾಲಿನಲ್ಲಿ ಪಕ್ಕದವನು ತಟ್ಟೆ ಎತ್ತಿಕೊಂಡು ಆಚೆ ಹೋಗುತ್ತಿದ್ದ.

ಹೊಂಡದ ಪಾಳಿ ಎಲ್ಲರಿಗೂ ಬರಬೇಕು ಅನ್ನುವುದು ನಿಯಮ. ಬಂದದ್ದು ಮಾತ್ರ ಇವರಿಗೆ ಮತ್ತು ಇವರಂಥ ಹುಟ್ಟಿನ ಇನ್ನಿಬ್ಬರಿಗೆ. ಯಾಕೆ ಅಂತ ಮೇಲಿನವರು ಹೇಳಲಿಲ್ಲ, ಇವರು ಕೇಳಲಿಲ್ಲ. ಸೈನ್ಯದಲ್ಲಿ ಮೇಲು ಕೀಳು ಇಲ್ಲ ಅಂತ ದೊಡ್ಡ ಅಕ್ಷರದಲ್ಲಿ ಗೋಡೆಯ ಮೇಲೆ ಬರೆದಿದ್ದರಂತೆ. ಆ ಗೋಡೆಯ ಹಿಂದೆಯೇ ಹೊಂಡ.

ಪೊರಕೆ ಬಿಟ್ಟು ಓಡಿದವರ ಕೈಗೆ ಸಲಾಕೆ ಬಂತು. ಆದರೂ ಇವರು ನೆಟ್ಟಗೆ ನಿಂತೇ ಹೊಗೆ ಕುಡಿದರು. ಹೊಂಡದ ಅಂಚಿನಲ್ಲೂ ಸಾಹೇಬರು ಬಂದರೆ ಸೆಲ್ಯೂಟ್.

ಕೆಮ್ಮು ಹಿಡಿದುಕೊಂಡೇ ಮನೆಗೆ ಬಂದರು. ಮೊದಲು ಮೆಟ್ಟಿಲಲ್ಲಿ ಉಸಿರು ಸಿಗಲಿಲ್ಲ, ಆಮೇಲೆ ಅಂಗಳದಲ್ಲಿ, ಆಮೇಲೆ ಹಾಸಿಗೆಯಲ್ಲಿ. ಈಗ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅರ್ಧಕ್ಕೆ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಾರೆ. ಮಲಗಿದರೆ ಮುಳುಗಿದ ಹಾಗಾಗುತ್ತದೆ ಅಂತ ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಾರೆ. ಕಾಲು ಊದಿ, ಒತ್ತಿದರೆ ನನ್ನ ಬೆರಳಿನ ಗುಂಡಿ ಹಾಗೇ ಉಳಿಯುತ್ತದೆ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎಕ್ಸ್-ರೇ ಬೆಳಕಿಗೆ ಹಿಡಿದು ತೋರಿಸಿದರು. "ಶ್ವಾಸಕೋಶ ಗಟ್ಟಿಯಾಗಿಹೋಗಿದೆ. ಗಟ್ಟಿಯಾಗಿರೋದ್ರೊಳಗೆ ರಕ್ತ ತಳ್ಳಿ ತಳ್ಳಿ ಹೃದಯಾನೂ ಊದಿಕೊಂಡಿದೆ" ಅಂದರು.

ನಾನು ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುವವಳು. ನನಗೆ ತಿಳಿದ ಹಾಗೆ ಕೇಳಿದೆ. "ತಳ ಹತ್ತಿದ ಪಾತ್ರೆ ಥರಾನಾ ಡಾಕ್ಟ್ರೇ?"

"ಹಾಗೇ ಅನ್ಕೋಮ್ಮ. ಆದ್ರೆ ಇದನ್ನ ತಿಕ್ಕೋಕಾಗಲ್ಲ. ಮನೇಲಿ ಆಕ್ಸಿಜನ್ ಮೆಷಿನ್ ಇರ್ಬೇಕು. ಇಲ್ದಿದ್ರೆ ಕಷ್ಟ."

ಆ ಮೆಷಿನ್ ನಮ್ಮಂಥವರು ಕೊಳ್ಳುವಂಥದ್ದಲ್ಲ. ಆದರೆ ಸೇವೆಯಿಂದಲೇ ಕಾಯಿಲೆ ಬಂತು ಅಂತ ಸೈನ್ಯದ ಮೆಡಿಕಲ್ ಬೋರ್ಡು ಒಪ್ಪಿ ಅಂಗವೈಕಲ್ಯ ಪಿಂಚಣಿ ಕೊಟ್ಟರೆ, ಸೈನ್ಯದ ಆಸ್ಪತ್ರೆಯೇ ಮೆಷಿನ್ ತಂದು ಮನೆಯಲ್ಲಿ ಕೂರಿಸುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಪಿಂಚಣಿ ಅಂದರೆ ಉಸಿರು. ಬೇರೆ ಅರ್ಥ ಇಲ್ಲ.

ಮೊದಲ ಸಲ ಬೋರ್ಡಿಗೆ ಹೋದಾಗ ಇವರು ಹಿಂದಿನ ದಿನವೇ ಬೂಟಿಗೆ ಪಾಲಿಶ್ ಹಾಕಿದರು. ಊದಿದ ಕಾಲನ್ನು ಬೂಟಿನೊಳಗೆ ತುರುಕುವಾಗ ಹಲ್ಲು ಕಚ್ಚಿದ್ದು ನಾನು ನೋಡಿದೆ. ಚಪ್ಪಲಿ ಹಾಕ್ಕೊಂಡು ಹೋಗ್ರೀ ಅಂದೆ. ಸಾಹೇಬರ ಮುಂದೆ ಚಪ್ಪಲೀಲಿ ಹೋಗ್ತಾರೇನೇ ಅಂತ ನನಗೇ ಗದರಿದರು.

ಆ ಕಚೇರಿಯ ಬಾಗಿಲಲ್ಲಿ ಒಬ್ಬ ಜವಾನ ಇದ್ದಾನೆ. ಅವನೂ ಹಳೆಯ ಸಿಪಾಯಿಯೇ. ಅವನಿಗೆ ಎಲ್ಲರೂ ಗುಡುಗು ಅನ್ನುತ್ತಾರೆ. ಹೆಸರು ಕೂಗುವುದು ಹಾಗೆ, ಪರೇಡ್ ಮೈದಾನದಲ್ಲಿ ಕೂಗಿದ ಹಾಗೆ. ಅವನು ಕೂಗಿದ, ಇವರು ಎದ್ದರು, ಒಳಗೆ ಹೋದರು. ಒಳಗೆ ಏನಾಯಿತು ಅನ್ನುವುದನ್ನು ಇವರೇ ಆಮೇಲೆ ಹೇಳಿದರು. ಮುಚ್ಚಿಡಬೇಕು ಅಂತಲೂ ತೋಚದ ಮನುಷ್ಯ.

ಮೇಜಿನ ಹಿಂದೆ ಮೂವರು, ನಡುವೆ ದೊಡ್ಡ ಡಾಕ್ಟರು. ಅವರೂ ಸೈನ್ಯದ ಸಾಹೇಬರೇ. "ಹೇಗಿದ್ದೀಯ ಸಿಪಾಯಿ?" ಅಂತ ಕೇಳಿದರು. ಇವರು ಹಿಮ್ಮಡಿ ಕೂಡಿಸಿ "ಚೆನ್ನಾಗಿದೀನಿ ಸಾರ್!" ಅಂದರು. ಉದ್ದದ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯಲು ಹೇಳಿದರು. ಗುಡುಗು ಗಡಿಯಾರ ಹಿಡಿದುಕೊಂಡು "ನಡಿ" ಅಂದ. ಇವರು ನಡೆಯಲಿಲ್ಲ, ಮಾರ್ಚ್ ಮಾಡಿದರು. ಸಾಕು ಅನ್ನುವವರೆಗೂ ಕೈ ಬೀಸಿಕೊಂಡು ಮಾರ್ಚ್ ಮಾಡಿದರು.

"ಬೀಡಿ ಸೇದ್ತೀಯಾ?"

"ಇಲ್ಲ ಸಾರ್."

"ಚಿಕ್ಕವನಿದ್ದಾಗ ಮನೇಲಿ ಸೌದೆ ಒಲೆ ಇತ್ತಾ?"

"ಇತ್ತು ಸಾರ್. ನಮ್ಮಮ್ಮ ಅದ್ರಲ್ಲೇ ಅಡುಗೆ ಮಾಡ್ತಿದ್ರು ಸಾರ್."

ಹೊರಗೆ ಬಂದವರು ನೀರಿನ ಟ್ಯಾಂಕಿನ ಪಕ್ಕ ಕುಸಿದರು. ನಾನು ಬೂಟಿನ ಲೇಸು ಬಿಚ್ಚಲಾಗದೆ ಹಲ್ಲಿನಲ್ಲಿ ಕಚ್ಚಿ ಎಳೆದೆ. ಇವರು ಉಸಿರಿಗೆ ಬಾಯಿ ಬಾಯಿ ಬಿಡುತ್ತಲೇ "ಚೆನ್ನಾಗಿ ನಡೆದೆ ಕಣೇ. ಸಾಹೇಬ್ರು ನೋಡ್ತಿದ್ರು" ಅಂದರು.

ತಿಂಗಳ ಮೇಲೆ ಉತ್ತರ ಬಂತು. ಆಳು ಗಟ್ಟಿಮುಟ್ಟಾಗಿದ್ದಾನೆ. ಕೆಮ್ಮಿಗೆ ಕಾರಣ ಬಾಲ್ಯದಲ್ಲಿ ಮನೆಯ ಒಲೆಯ ಹೊಗೆ.

ನಮ್ಮತ್ತೆ ಸತ್ತು ಎಷ್ಟೋ ವರ್ಷ. ಮಕ್ಕಳಿಗೆ ಬಿಸಿ ಊಟ ಹಾಕಬೇಕು ಅಂತ ಆ ಒಲೆಯ ಮುಂದೆ ಕಣ್ಣು ಕೆಂಪು ಮಾಡಿಕೊಂಡ ಹೆಂಗಸು. ಸರ್ಕಾರ ಹೊಂಡದ ಹೊಗೆಯನ್ನು ತಂದು ಅವಳ ತಲೆಗೆ ಕಟ್ಟಿತು. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಅಂತಾರೆ. ಇವರ ಕಡತದಲ್ಲಿ ನೋಡಿದರೆ ಹೊಂಡವೂ ಇಲ್ಲ, ಬೆಂಕಿಯೂ ಇಲ್ಲ, ಇರುವುದು ನಮ್ಮತ್ತೆಯ ಒಲೆ ಒಂದೇ. ಆ ದಿನ ನಾನು ಕೂಗಾಡಿದ್ದನ್ನು ಬೀದಿಯವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಅಂತಲೇ ಕೂಗಾಡಿದೆ.

ಮೇಲ್ಮನವಿ ಹಾಕಿದರೆ ಬೋರ್ಡು ಇನ್ನೊಮ್ಮೆ ನೋಡುತ್ತದೆ, ಅದೂ ಒಂದೇ ಸಲ. ಆಮೇಲೆ ಬಾಗಿಲು ಮುಚ್ಚಿದ ಹಾಗೆಯೇ.

ಆಗ ಬಂದವನು ಡ್ರೈವರ್. ಕ್ಯಾಂಪಿನ ಕಸವನ್ನು ಲಾರಿಯಲ್ಲಿ ತಂದು ಹೊಂಡಕ್ಕೆ ಸುರಿಯುತ್ತಿದ್ದವನು ಅವನೇ. ಬೆನ್ನು ನೋವಿಗೆ ಪಿಂಚಣಿ ಗಿಟ್ಟಿಸಿಕೊಂಡಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುವುದು ಅವನನ್ನು ನೋಡಿಯೇ ಹುಟ್ಟಿದ ಮಾತು ಅಂತ ನನಗೆ ಅನ್ನಿಸುತ್ತಿತ್ತು.

"ಅತ್ತಿಗೆ, ನಿಮ್ಮ ಯಜಮಾನ್ರಿಗೆ ಕಾಯಿಲೆ ಇದೆ, ಆದ್ರೆ ಕಾಯಿಲೆಯವರ ಥರ ಇರೋಕೆ ಬರಲ್ಲ" ಅಂದ.

"ಇರೋ ಕಾಯಿಲೇನ ಇನ್ನೇನು ತೋರಿಸ್ಬೇಕಪ್ಪ?"

"ಸುಳ್ಳು ಬೇಡ. ನಿಜಾನೇ ನಾಟಕ ಆಡಿ ತೋರಿಸ್ಬೇಕು. ಅಲ್ಲಿ ಬರೀ ನಿಜ ನಡೆಯಲ್ಲ."

ನಮ್ಮ ಮನೆಯ ನಡುಕೋಣೆಯೇ ಬೋರ್ಡಾಯಿತು. ಡ್ರೈವರ್ ನನ್ನ ಓದುವ ಕನ್ನಡಕ ಮೂಗಿಗೇರಿಸಿ, ಕೈಯಲ್ಲಿ ಸೌಟು ಹಿಡಿದು ದೊಡ್ಡ ಡಾಕ್ಟರಾದ. ಬಾಗಿಲಿನಿಂದ ಗಂಭೀರವಾಗಿ ಒಳಗೆ ಬಂದ. ಇವರು ಎದ್ದು ನಿಂತರು.

"ಅಯ್ಯೋ ನಿನ್ನ! ನಾನು ಕಣೋ!"

"ನಿಂಗಲ್ಲ, ಆ ಸೌಟಿಗೆ ಎದ್ದೆ" ಅಂದರು ಇವರು.

ನಾವು ಮೂವರೂ ನಕ್ಕೆವು. ನಗು ಇವರಿಗೆ ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ತುಟಿ ನೀಲಿಗಟ್ಟಿ ಕಣ್ಣು ಮೇಲಾದಾಗ ಡ್ರೈವರ್ ಸೌಟು ಬಿಸಾಕಿ ಬೆನ್ನು ಉಜ್ಜಿದ. ಸುಧಾರಿಸಿಕೊಂಡ ಮೇಲೆ ಕನ್ನಡಕ ತೆಗೆಯದೆಯೇ ಕೇಳಿದ. "ಹೇಗಿದ್ದೀಯ ಸಿಪಾಯಿ?"

"ಚೆನ್ನಾಗಿದೀನಿ ಸಾರ್."

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದು ಹುಟ್ಟುಗುಣವೂ ಅಲ್ಲ, ಸರ್ಕಾರ ಕೊಟ್ಟ ಗುಣ.

ದಿನಾ ಕ್ಯಾಂಟೀನಿನಿಂದ ಬಂದ ಮೇಲೆ ನನ್ನ ಎರಡನೆಯ ಕೆಲಸ ಶುರು. ನಾನು ಗಟ್ಟಿಯಾಗಿ ಕೂಗುವುದು, ಇವರು ಕೂತೇ ಇರುವುದು. ಇವರು ಏಳಲು ಹೊರಟರೆ ಹೆಗಲು ಹಿಡಿದು ಅದುಮುತ್ತಿದ್ದೆ. ಕೂತಲ್ಲೇ ಹಿಮ್ಮಡಿ ಕೂಡಿಕೊಂಡರೆ ನಡುವೆ ನನ್ನ ಕಾಲು ತೂರಿಸುತ್ತಿದ್ದೆ. ಹಿಮ್ಮಡಿ ಕೂಡದಿದ್ದರೆ ಬೆನ್ನು ಸೆಟೆಯುವುದಿಲ್ಲ, ಅದು ನಾನು ಕಂಡುಕೊಂಡ ಉಪಾಯ. ಚೆನ್ನಾಗಿಲ್ಲ ಅನ್ನಿ, ಆಗಲ್ಲ ಅನ್ನಿ, ಅಂತ ಹೇಳಿಕೊಡುತ್ತಿದ್ದೆ. ಆ ಮಾತು ಇವರ ಬಾಯಿಗೆ ಬರುತ್ತಿರಲಿಲ್ಲ. ಹಲ್ಲಿನ ಹಿಂದೆಯೇ ಸಿಕ್ಕಿಕೊಳ್ಳುತ್ತಿತ್ತು.

ಒಂದು ದಿನ ಹೆಗಲು ಹಿಡಿದು ಅದುಮಿದಾಗ ಇವರು ನನ್ನ ಕೈಯ ಕೆಳಗೆ ಹಾಗೇ ಬಗ್ಗಿಬಿಟ್ಟರು. ತಲೆ ಮೊಣಕಾಲಿನ ಹತ್ತಿರ ಬಂತು. ನನ್ನ ಪಾದ ನೋಡುತ್ತಾ ಹೇಳಿದರು.

"ನನ್ನ ನಮ್ಮಪ್ಪನ ಹಾಗೆ ಮಾಡ್ತಿದೀಯಲ್ಲೇ."

ನಾನು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತಿಕ್ಕಿದೆ. ಅಳು ಬಂತು, ಸಿಟ್ಟೂ ಬಂತು. ಈ ಮನುಷ್ಯನಿಗೆ ಸೈನ್ಯ ಕೊಟ್ಟದ್ದು ಅದೊಂದೇ, ನೆಟ್ಟನೆಯ ಬೆನ್ನು. ಅದನ್ನೂ ಕಿತ್ತುಕೊಳ್ಳುವ ಕೆಲಸ ಕಟ್ಟಿಕೊಂಡ ಹೆಂಡತಿಯ ಪಾಲಿಗೆ ಬಂತು. ಕಿತ್ತುಕೊಳ್ಳದಿದ್ದರೆ ಉಸಿರಿಲ್ಲ. ಅತ್ತ ದರಿ, ಇತ್ತ ಪುಲಿ. ಮರುದಿನ ಮತ್ತೆ ಕೂಗಿದೆ, ಮತ್ತೆ ಅದುಮಿದೆ.

ಚಳಿ ಮುಗಿಯುವ ಹೊತ್ತಿಗೆ ಇವರು ಕಲಿತರು. ನಾನು ಕೂಗಿದರೆ ಕೂತೇ ಇರುತ್ತಿದ್ದರು. ಡ್ರೈವರ್ ಕೂಗಿದರೂ ಕೂತಿರುತ್ತಿದ್ದರು. ಒಂದು ಸಂಜೆ ಗ್ಯಾಸಿನವನು ಕೂಗಿದ, ಇವರು ಕೂತಲ್ಲಿಂದಲೇ "ಬಾರಪ್ಪ, ಒಳಗೆ ತಂದಿಡು" ಅಂದರು. ನಾನು ಒಲೆ ಬಿಟ್ಟು ಬಂದು ನೋಡಿದೆ. ಮಗಳು ಮೊದಲ ಹೆಜ್ಜೆ ಇಟ್ಟಾಗ ಆದಷ್ಟೇ ಸಂತೋಷವಾಯಿತು ಅಂದರೆ ನಂಬುತ್ತೀರಾ? ನಾಚಿಕೆಯೂ ಆಯಿತು.

ಎರಡನೆಯ ಬೋರ್ಡಿನ ದಿನ ಇವರ ಕಾಲು ಬೂಟಿನೊಳಗೆ ಹೋಗಲೇ ಇಲ್ಲ. ಚಪ್ಪಲಿ ಹಾಕಿಕೊಂಡು ಬಂದರು.

ಕಚೇರಿಯ ಜಗುಲಿಯಲ್ಲಿ ಗೋಡೆಗೆ ಒತ್ತಿ ಉದ್ದಕ್ಕೂ ಬೆಂಚು. ಬೆಂಚಿನ ತುಂಬ ಹಳೆಯ ಸಿಪಾಯಿಗಳು. ಒಬ್ಬರ ಎದೆಯಲ್ಲಿ ಸಿಳ್ಳೆ, ಒಬ್ಬರ ಗಂಟಲಲ್ಲಿ ಗೊರಗೊರ. ಯಾರೂ ಜೋರಾಗಿ ಕೆಮ್ಮುತ್ತಿರಲಿಲ್ಲ. ಕರ್ಚೀಫು ಬಾಯಿಗೆ ಒತ್ತಿ, ಕೆಮ್ಮನ್ನು ಒಳಗೇ ನುಂಗಿ, ಸಭ್ಯರ ಹಾಗೆ ಕೂತಿದ್ದರು. ನನ್ನ ಪಕ್ಕದಲ್ಲಿ ಉಣ್ಣೆಯ ಟೋಪಿ ಹಾಕಿದ ಮುದುಕ. ಕ್ಯಾಂಪಿನಲ್ಲಿ ಸೀಮೆಎಣ್ಣೆ ಒಲೆಯ ಮುಂದೆ ಅಡುಗೆ ಮಾಡುತ್ತಿದ್ದವನಂತೆ.

"ಹೃದಯಾನಾ, ಶ್ವಾಸಾನಾ?" ಅಂತ ಕೇಳಿದ, ಬಸ್ಸಿನಲ್ಲಿ ಯಾವೂರು ಅಂತ ಕೇಳುವ ಹಾಗೆ.

"ಎರಡೂ" ಅಂದೆ.

"ನಂದೂ ಎರಡೂ ಕಣಮ್ಮ. ಜೋಡಿ ಬಿಟ್ಟಿರಲ್ಲ ಅವು" ಅಂತ ನಕ್ಕ. ನಕ್ಕಿದ್ದಕ್ಕೆ ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಕಾರಿನಿಂದ ಇಳಿದು ಜಗುಲಿ ಹತ್ತಿದರು. ಗುಡುಗು ಏನೂ ಕೂಗಲಿಲ್ಲ, ಬರೀ ಹಿಮ್ಮಡಿ ಕುಟ್ಟಿದ. ಅಷ್ಟೇ ಸಾಕಾಯಿತು. ಇಡೀ ಬೆಂಚು ಎದ್ದು ನಿಂತಿತು. ಟೋಪಿಯ ಮುದುಕನೂ ನಿಂತ. ನಾನು ಇವರ ತೊಡೆಯ ಮೇಲೆ ಕೈ ಊರಿದೆ. ಇವರು ನಡುಗಿದರು. ಏಳಲಿಲ್ಲ.

ದೊಡ್ಡ ಡಾಕ್ಟರು ಸಾಲನ್ನು ನೋಡಿ ಖುಷಿಪಟ್ಟರು. "ಎಲ್ಲಾ ಗಟ್ಟಿಯಾಗೇ ಇದ್ದೀರಲ್ರಪ್ಪಾ" ಅಂದರು. ಎಲ್ಲರೂ ನಕ್ಕರು. ನೀಲಿ ತುಟಿಗಳೆಲ್ಲ ನಕ್ಕವು. ಆಮೇಲೆ ಅವರ ಕಣ್ಣು ಕೂತಿದ್ದ ಒಬ್ಬರ ಮೇಲೆ ಬಿತ್ತು, ಅಲ್ಲೇ ಸ್ವಲ್ಪ ನಿಂತು ಮುಂದೆ ಹೋಯಿತು.

ಇವರ ಸರದಿ ಬಂತು. ಆ ಕೋಣೆಗೆ ಬಾಗಿಲು ಮುಚ್ಚುವುದಿಲ್ಲ, ಪರದೆ ಮಾತ್ರ. ನಾನು ಪರದೆಯ ಪಕ್ಕ ನಿಂತೆ. ಗುಡುಗು ನೋಡಿದ, ಬೇಡ ಅನ್ನಲಿಲ್ಲ.

"ಕೂತ್ಕೋ" ಅಂದರು ದೊಡ್ಡ ಡಾಕ್ಟರು. ಕುರ್ಚಿ ಕಿರ್ ಅಂದಿತು.

"ಹೇಗಿದ್ದೀಯ ಸಿಪಾಯಿ?"

ಒಳಗೆ ಫ್ಯಾನಿನ ಸದ್ದು, ಇವರ ಎದೆಯ ಸದ್ದು. ನಾನು ಪರದೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.

"ಚೆನ್ನಾಗಿಲ್ಲ ಸಾರ್."

ನನ್ನ ಗಂಡ ಆ ಮಾತನ್ನು ಇನ್ನೊಬ್ಬರ ಮುಂದೆ ಆಡಿದ್ದು ಅದೇ ಮೊದಲು.

ಆಮೇಲೆ ಕಾರಿಡಾರು. ಗುಡುಗು ಇವರ ಬೆರಳಿಗೆ ಉಸಿರು ಅಳೆಯುವ ಚಿಮುಟ ಸಿಕ್ಕಿಸಿದ. ಇವರು ಚಪ್ಪಲಿ ಎಳೆಯುತ್ತಾ ನಡೆದರು. ಮಾರ್ಚ್ ಇಲ್ಲ, ಕೈ ಬೀಸುವುದಿಲ್ಲ. ನನ್ನ ಗಂಡ ಮನೆಯಲ್ಲಿ ಹೇಗೆ ನಡೆಯುತ್ತಾರೋ ಹಾಗೆ ಮೊದಲ ಸಲ ಆ ಕಾರಿಡಾರಿನಲ್ಲಿ ನಡೆದರು. ಅರ್ಧಕ್ಕೆ ಬಂದು ಗೋಡೆ ಹಿಡಿದರು. ಬೆನ್ನು ಬಗ್ಗಿತು. ಆ ಕ್ಷಣ ಅಲ್ಲಿ ನಿಂತಿದ್ದವರು ನಮ್ಮ ಮಾವನೇ.

"ಆಗಲ್ಲ ಸಾರ್."

ಗುಡುಗು ಚಿಮುಟದ ಅಂಕಿ ನೋಡಿದ. ಅವನ ಮುಖ ಇಳಿಯಿತು. ಒಳಗೆ ಹೋಗಿ ಮೆಲ್ಲಗೆ ಹೇಳಿದ, "ತುಂಬಾ ಕೆಳಗಿಳಿದಿದೆ ಸಾರ್."

"ಬೆರಳು ತಣ್ಣಗಿದ್ರೆ ಹಾಗೇ ತೋರಿಸುತ್ತೆ" ಅಂದರು ದೊಡ್ಡ ಡಾಕ್ಟರು.

ಇವರನ್ನು ಕೈಹಿಡಿದು ತಂದು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ದೊಡ್ಡ ಡಾಕ್ಟರಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ತಾಳ್ಮೆಯಿಂದ ಕೇಳಿದರು.

"ಹೋದ ಸಲ ಪೂರ್ತಿ ನಡೆದೆ. ಬೂಟು ಹಾಕಿದ್ದೆ. ಚೆನ್ನಾಗಿದೀನಿ ಅಂದೆ. ಈ ಸಲ ಚಪ್ಪಲಿ, ಅರ್ಧಕ್ಕೇ ಸುಸ್ತು. ನಾನು ಬಂದಾಗ ಏಳಲೂ ಇಲ್ಲ. ಯಾರು ಹೇಳಿಕೊಟ್ರು ಇದನ್ನೆಲ್ಲ?"

ಇವರು ಸುಮ್ಮನಿದ್ದರು. ಸುಮ್ಮನೇ ಇರಿ, ಅದೊಂದನ್ನು ಮಾಡಿ ಅಂತ ನಾನು ಪರದೆಯ ಹಿಂದೆ ಬೇಡಿಕೊಂಡೆ.

"ಸಿಪಾಯಿ. ನಿಜ ಹೇಳು."

"ನನ್ನ ಹೆಂಡ್ತಿ ಸಾರ್."

ಇವರ ನಿಜಕ್ಕಿಷ್ಟು ಬೆಂಕಿ ಬೀಳಲಿ. ಏಳಬೇಡಿ ಅಂತ ಕಲಿಸಿದೆ, ಆಗಲ್ಲ ಅನ್ನಿ ಅಂತ ಕಲಿಸಿದೆ. ಸಾಹೇಬರು ನಿಜ ಹೇಳು ಅಂದರೆ ಬಾಯಿ ಮುಚ್ಚಿಕೊಂಡಿರಿ ಅಂತ ಕಲಿಸುವುದನ್ನು ಮರೆತಿದ್ದೆ.

ನನ್ನನ್ನು ಒಳಗೆ ಕರೆದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೋದೆ. ಕೈಯಲ್ಲಿದ್ದದ್ದು ಪಾತ್ರೆಯ ನೀರಲ್ಲ, ಬೆವರು.

"ಏನಮ್ಮಾ, ಗಂಡನಿಗೆ ನಾಟಕ ಕಲಿಸ್ತೀಯಾ?"

"ಕಲಿಸಿಲ್ಲ ಸಾರ್. ಬಿಡಿಸಿದೀನಿ."

"ಏನು?"

"ನಿಮ್ಮೋರು ಕಲಿಸಿದ್ನ ಬಿಡಿಸಿದೀನಿ. ನೋವಾದ್ರೆ ನೋವು ಅನ್ಬಾರ್ದು ಅಂತ ಕಲಿಸಿದೋರು ನೀವು. ಉಸಿರು ಸಿಗದಿದ್ರೂ ಚೆನ್ನಾಗಿದೀನಿ ಅನ್ಬೇಕು ಅಂತ ಕಲಿಸಿದ್ರಿ. ಇವ್ರು ಕಲಿತ್ರು. ಕಲಿತಿದ್ನ ನಿಮ್ಮ ಮುಂದೇನೇ ಒಪ್ಪಿಸಿದ್ರು. ಆಗ ನೀವು, ನೋಡು ಚೆನ್ನಾಗಿದಾನೆ ಅಂತ ಬರೆದ್ರಿ. ಈಗ ಇರೋದ್ನ ಇರೋ ಹಾಗೆ ತೋರಿಸಿದ್ರೆ ನಾಟಕ ಅಂತೀರಿ. ನಿಂತ್ರೆ ಗಟ್ಟಿ, ಕೂತ್ರೆ ಕಳ್ಳ. ಇವ್ರು ಇನ್ನು ಹೇಗಿರ್ಬೇಕು ಸಾರ್? ಸತ್ತು ತೋರಿಸ್ಬೇಕಾ?"

ಪಕ್ಕದಲ್ಲಿ ಕೂತಿದ್ದ ಇಬ್ಬರೂ ಮೇಜಿನ ಕಡೆ ನೋಡಿದರು. ನನಗೆ ನಿಲ್ಲಿಸಲಾಗಲಿಲ್ಲ.

"ನಮ್ಮತ್ತೆ ಒಲೆ ಅಂತ ಬರೆದ್ರಲ್ಲ, ಆ ಒಲೇಲಿ ಅನ್ನ ತಿಂದು ಐದು ಮಕ್ಕಳು ಬೆಳೆದ್ರು. ಉಳಿದ ನಾಲ್ಕೂ ಚೆನ್ನಾಗಿವೆ. ಐವರಲ್ಲಿ ಹೊಂಡಕ್ಕೆ ಹೋಗಿದ್ದು ಇವ್ರೊಬ್ರೇ."

"ಯಾವ ಹೊಂಡ?" ಅಂದರು ದೊಡ್ಡ ಡಾಕ್ಟರು.

ಅವರು ಅಣಕಿಸಲಿಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಕಾಗದದಲ್ಲಿ ಇಲ್ಲದ್ದು ಅವರ ಪಾಲಿಗೆ ಇಲ್ಲವೇ ಇಲ್ಲ. ನನ್ನ ಗಂಡನ ಎದೆ ಸುಟ್ಟ ಹೊಂಡಕ್ಕೆ ಈ ಭೂಮಿಯ ಮೇಲೆ ಇರುವ ಒಂದೇ ಗುರುತು ನನ್ನ ಗಂಡನ ಎದೆ.

ಅವರು ಪಕ್ಕದವರ ಕಡೆ ತಿರುಗಿದರು. "ಪರೀಕ್ಷೆಗೆ ಸಹಕರಿಸಲಿಲ್ಲ ಅಂತ ಬರ್ಕೊಳ್ಳಿ." ಆಮೇಲೆ ಇವರಿಗೆ ಹೇಳಿದರು. ಅಷ್ಟು ಹೊತ್ತು ಇದ್ದ ಡಾಕ್ಟರ ದನಿ ಹೋಗಿ ಸಾಹೇಬರ ದನಿ ಬಂದಿತ್ತು.

"ಸಿಪಾಯಿ! ಎದ್ದೇಳು!"

ಇವರ ಎರಡೂ ಕೈ ಕುರ್ಚಿಯ ಹಿಡಿಕೆಗೆ ಹೋದವು. ಬೆರಳು ಬಿಳಿಚಿಕೊಂಡವು. ಸೊಂಟ ಕುರ್ಚಿಯಿಂದ ಸ್ವಲ್ಪ ಮೇಲೆದ್ದಿತು. ಚಳಿಗಾಲವೆಲ್ಲ ಕಲಿಸಿದ್ದು ನೀರಿನಲ್ಲಿ ಹೋಮವಾಯಿತು ಅಂದುಕೊಂಡೆ. ಇವರು ನನ್ನ ಕಡೆ ನೋಡಲಿಲ್ಲ. ಸಾಹೇಬರನ್ನೇ ನೋಡುತ್ತಿದ್ದರು, ಮುಖವನ್ನು, ನೆಟ್ಟಗೆ. ಹಾಗೇ ಮೆಲ್ಲಗೆ ಮತ್ತೆ ಕೂತರು.

"ಏಳಲ್ಲ."

ಸಾರ್ ಇರಲಿಲ್ಲ ಆ ಮಾತಿನಲ್ಲಿ.

"ಏನಂದೆ?"

"ನೀವು ಹೇಳ್ದಾಗೆಲ್ಲ ಎದ್ದೆ. ಇನ್ನು ಏಳಲ್ಲ." ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು. "ಬರ್ಕೊಳ್ಳಿ."

ಇದನ್ನು ನಾನು ಕಲಿಸಿರಲಿಲ್ಲ. ಆಗಲ್ಲ ಅನ್ನಿ ಅಂತ ಕಲಿಸಿದ್ದೆ. ಏಳಲ್ಲ ಅನ್ನುವುದು ಇವರ ಸ್ವಂತದ್ದು.

ಎತ್ತಿ ಹೊರಗೆ ಹಾಕಿ ಅಂದರು ದೊಡ್ಡ ಡಾಕ್ಟರು. ಗುಡುಗು ಮತ್ತು ಇನ್ನಿಬ್ಬರು ಬಂದು ಕಂಕುಳಿಗೆ ಕೈ ಹಾಕಿದರು. ಇವರು ಹಿಡಿಕೆ ಬಿಡಲಿಲ್ಲ. ಕೊನೆಗೆ ಕುರ್ಚಿ ಸಮೇತ ಎತ್ತಿದರು. ಬಾಗಿಲು ದಾಟುವಾಗ ಗುಡುಗು ಇವರ ಕಾಲು ಚೌಕಟ್ಟಿಗೆ ತಾಗದ ಹಾಗೆ ಒಂದು ಕೈ ಅಡ್ಡ ಹಿಡಿದ.

ಜಗುಲಿಗೆ ಬಂದರೆ ಬೆಂಚಿನ ಮಂದಿಯೆಲ್ಲ ಎದ್ದು ನಿಂತಿದ್ದಾರೆ. ಒಳಗಿನದೆಲ್ಲ ಅವರಿಗೆ ಕೇಳಿಸಿತ್ತು. ಈ ಸಲ ನಿಂತದ್ದು ಸಾಹೇಬರಿಗಲ್ಲ. ಇವರು ನೋಡಿದರು. ಉಸಿರು ಎಳೆದುಕೊಂಡು ಹೇಳಿದರು.

"ಕೂತ್ಕೊಳ್ರಪ್ಪಾ. ನಿಂತ್ರೆ ಚೆನ್ನಾಗಿದಾರೆ ಅಂತ ಬರೀತಾರೆ."

ಒಬ್ಬ ಕೂತ. ಇನ್ನೊಬ್ಬ ಕೂತ. ಉಳಿದವರು ಕೂರಬೇಕೋ ಬೇಡವೋ ಅಂತ ಅರ್ಧ ಬಗ್ಗಿ ನಿಂತರು. ಕುರ್ಚಿಯನ್ನು ಜಗುಲಿಯ ಕಂಬದ ಹತ್ತಿರ ಇಳಿಸಿದರು. ಇವರು ಕಂಬಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಕಾಲು ಒತ್ತಿದೆ. ಮೆಷಿನ್ ಬರುವುದಿಲ್ಲ. ಇವತ್ತು ರಾತ್ರಿಯೂ ಗೋಡೆಗೆ ದಿಂಬು, ನಾಳೆ ರಾತ್ರಿಯೂ ದಿಂಬು. ಅದು ಎಷ್ಟು ದಿನ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಗುಡುಗು ಬಂದು ಮುಂದೆ ನಿಂತ. ದನಿ ಎಲ್ಲಿ ಹೋಗಿತ್ತೋ, ಪಿಸುಗುಟ್ಟಿದ.

"ಅಮ್ಮಾ, ಕುರ್ಚಿ ಸರ್ಕಾರದ್ದು. ಬಿಟ್ಟು ಹೋಗ್ಬೇಕಂತೆ."

"ಇವ್ರ ಎದೇಲಿರೋ ಹೊಗೇನೂ ಸರ್ಕಾರದ್ದೇ ಕಣಪ್ಪ" ಅಂದೆ. "ಮೊದ್ಲು ಅದನ್ನ ತಗೊಂಡು ಹೋಗ್ಲಿ. ಆಮೇಲೆ ಕುರ್ಚಿ ಕೊಡ್ತೀವಿ."

ಒಳಗೆ ಗಂಟೆ ಹೊಡೆಯಿತು. ಅವನು ಹೋಗಲೇಬೇಕಿತ್ತು, ಹೋದ. ಬಾಗಿಲಲ್ಲಿ ನಿಂತು ಎದೆ ಉಬ್ಬಿಸಿ ಮುಂದಿನ ಹೆಸರು ಕೂಗಿದ. ಟೋಪಿಯ ಮುದುಕ ಚಂಗನೆ ಎದ್ದ. ಟೋಪಿ ಸರಿಮಾಡಿಕೊಂಡ. ನನ್ನ ಕಡೆ, ಇವರ ಕಡೆ ನೋಡದೆ ದಾಟಿ ಹೋದ. ಪರದೆ ಸರಿಯಿತು.

"ಹೇಗಿದ್ದೀಯ?"

"ಚೆನ್ನಾಗಿದೀನಿ ಸಾರ್!"

ಕುರ್ಚಿಯ ಮೇಲೆ ಇವರ ಕಣ್ಣು ಮುಚ್ಚಿಯೇ ಇತ್ತು. ಆದರೆ ಆ ದನಿ ಕಿವಿಗೆ ಬಿದ್ದದ್ದೇ ತಡ, ಊದಿದ ಹಿಮ್ಮಡಿ ಎರಡೂ ತಾವಾಗಿಯೇ ಸರಿದು ಒಂದಕ್ಕೊಂದು ಕೂಡಿಕೊಂಡವು. ನಾನು ಮೆಲ್ಲಗೆ ನನ್ನ ಕಾಲನ್ನು ನಡುವೆ ತೂರಿಸಿದೆ. ಹಾಗೇ ಇಟ್ಟುಕೊಂಡು ಕೂತೆ.